ಮೇಷ್ಟ್ರಿಗೆ ಐದಕ್ಕೆ ಎಷ್ಟು?

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಅಲ್ಲಿ ಮೊದಲು ತಲೆಬಿಸಿ ತರುವುದು ಕೋರ್ಸ್ ರಿಜಿಸ್ಟ್ರೇಷನ್. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಟೈಂಟೇಬಲ್ ಸಿದ್ಧವಾಗಿಯೇ ಕೈಗೆ ಬರುತ್ತದೆ. ಯಾವ ವಿಷಯಕ್ಕೆ ಯಾವ ಮೇಷ್ಟ್ರು ಎನ್ನುವುದನ್ನು ಸಾಮಾನ್ಯವಾಗಿ ವಿಭಾಗದವರೇ ಗೊತ್ತುಮಾಡಿರುತ್ತಾರೆ. ಅಲ್ಲಿ ಎಷ್ಟೋ ಕಡೆ ಒಂದೇ ವಿಷಯಕ್ಕೆ ಇಬ್ಬರು ಮೂವರು ಪ್ರೊಫೆಸರ್‌ಗಳಿರುತ್ತಾರೆ, ಆರಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯದು. ತಡಮಾಡಿದರೆ ಸೀಟು ತುಂಬಿಹೋಗುತ್ತದೆ. ಆ ಗಡಿಬಿಡಿಯಲ್ಲಿ ಬಹಳ ಜನ ತೆರೆದು ನೋಡುವುದು ‘ರೇಟ್ ಮೈ ಪ್ರೊಫೆಸರ್ಸ್’ ತಾಣವನ್ನು.

ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಎಂಜಿನಿಯರ್ ಜಾನ್ ಸ್ವಾಪ್ಸಿನ್ಸ್ಕಿ 1999ರಲ್ಲಿ ಶುರುಮಾಡಿದ ತಾಣ ಇದು. ಪ್ರೊಫೆಸರರ ಹೆಸರು ಒತ್ತಿದರೆ ಐದಕ್ಕೆ ಇಷ್ಟು ಎಂದು ದಪ್ಪ ಅಕ್ಷರದಲ್ಲಿ ಅಂಕ ಕಾಣುತ್ತದೆ. ಅದರ ಜತೆಗೆ ಕೋರ್ಸ್ ಎಷ್ಟು ಕಷ್ಟ, ಇವರ ಪಾಠಕ್ಕೆ ಮತ್ತೆ ಕೂರುತ್ತೇವೆ ಎಂದವರು ಶೇಕಡಾ ಎಷ್ಟು ಎಂಬ ಲೆಕ್ಕ. ಕೆಳಗೆ ಹೆಸರಿಲ್ಲದವರು ಬರೆದ ಮಾತುಗಳು: ಅಂಕ ಕೊಡುವುದರಲ್ಲಿ ಬಿಗಿ, ಓದುವುದು ರಾಶಿ, ಕ್ಲಾಸಿಗೆ ಚಕ್ಕರ್ ಹೊಡೆದರೆ ಪಾಸಾಗಲ್ಲ. 2018ರವರೆಗೆ ಪ್ರೊಫೆಸರರ ರೂಪಕ್ಕೂ ಒಂದು ಕೆಂಪು ಮೆಣಸಿನಕಾಯಿ ಗುರುತು ಇತ್ತು. ಅಧ್ಯಾಪಕಿಯರು ಪ್ರತಿಭಟಿಸಿದ ಮೇಲೆ ಅದನ್ನು ತೆಗೆದುಹಾಕಿದರು. ಪಾಠ ಹೇಳುವವರನ್ನು ಅಷ್ಟು ವರ್ಷ ಹಾಗೆ ಅಳೆದದ್ದೇ ಅನ್ಯಾಯ.

ಈ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಅರವತ್ತು ಜನರ ತರಗತಿಯಲ್ಲಿ ಐದಾರು ಮಂದಿ ಬರೆದರೂ ಅದೇ ಸರಾಸರಿಯಾಗಿ ನಿಲ್ಲುತ್ತದೆ. ಬರೆಯುವ ಉಮೇದು ಹೆಚ್ಚಾಗಿ ಬರುವುದು ತುಂಬ ಮೆಚ್ಚಿದವರಿಗೆ, ಇಲ್ಲವೇ ತುಂಬ ಸಿಟ್ಟಾದವರಿಗೆ. ಸುಮ್ಮನೆ ಕಲಿತು ಹೋದವರ ದನಿ ಅಲ್ಲಿ ಕೇಳುವುದು ಕಡಿಮೆ. ಈ ತಾಣದ ಅಂಕಗಳನ್ನು ಪರಿಶೀಲಿಸಿದ ಅಧ್ಯಯನಗಳು ಇನ್ನೂ ಒಂದು ಸಂಗತಿ ಹೇಳಿವೆ: ಕೋರ್ಸ್ ಸುಲಭವಾಗಿದ್ದಷ್ಟೂ ಪ್ರೊಫೆಸರರ ಅಂಕ ಮೇಲೇರುತ್ತದೆ.

ಮೆಚ್ಚುಗೆಗೂ ಕಲಿಕೆಗೂ ಇರುವ ಅಂತರವನ್ನು ಅಳೆದು ತೋರಿಸಿದ್ದು ಕೊಲರಾಡೋದಲ್ಲಿರುವ ಅಮೆರಿಕದ ವಾಯುಪಡೆ ಅಕಾಡೆಮಿಯ ಒಂದು ಅಧ್ಯಯನ. ಅಲ್ಲಿ ಪ್ರೊಫೆಸರರನ್ನು ಆರಿಸುವ ಸ್ವಾತಂತ್ರ್ಯ ವಿದ್ಯಾರ್ಥಿಗಳಿಗಿಲ್ಲ. ಯಾರು ಯಾರ ತರಗತಿಗೆ ಎಂಬುದು ಚೀಟಿ ಎತ್ತಿದಂತೆ ನಿಗದಿಯಾಗುತ್ತದೆ, ಪಠ್ಯವೂ ಪ್ರಶ್ನೆಪತ್ರಿಕೆಯೂ ಎಲ್ಲರಿಗೂ ಒಂದೇ. ಹೀಗಾಗಿ ಜಾಣರೆಲ್ಲ ಒಬ್ಬರ ತರಗತಿಗೇ ಸೇರಿಕೊಂಡರು ಎನ್ನುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಜಾಲಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳು ಹೊಗಳಿದ ಅಧ್ಯಾಪಕರ ತರಗತಿಯಲ್ಲಿ ಮೊದಲ ಕ್ಯಾಲ್ಕುಲಸ್ ಪರೀಕ್ಷೆಯ ಅಂಕ ಚೆನ್ನಾಗಿತ್ತು. ಆದರೆ ಅದರ ಮೇಲೆ ನಿಂತ ಮುಂದಿನ ಕೋರ್ಸ್‌ಗಳಲ್ಲಿ ಅದೇ ವಿದ್ಯಾರ್ಥಿಗಳು ಹಿಂದೆ ಬಿದ್ದರು. ಅನುಭವಿ ಅಧ್ಯಾಪಕರ ಕೈಕೆಳಗೆ ಕಲಿತವರ ಕತೆ ಉಲ್ಟಾ: ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ, ಮುಂದಿನ ಕೋರ್ಸ್‌ಗಳಲ್ಲಿ ಮೇಲುಗೈ. ಪರೀಕ್ಷೆಗೆ ಬೇಕಾದಷ್ಟನ್ನೇ ಹೇಳಿಕೊಡುವುದಕ್ಕೂ ವಿಷಯದ ಬುಡ ಗಟ್ಟಿಮಾಡುವುದಕ್ಕೂ ಇರುವ ವ್ಯತ್ಯಾಸವೇ ಇದಕ್ಕೆ ಕಾರಣವಿರಬಹುದು. ರೇಟಿಂಗ್ ಬರೆಯುವುದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಬುಡ ಗಟ್ಟಿಯೋ ಟೊಳ್ಳೋ ಗೊತ್ತಾಗುವುದು ಅದಾದ ಮೇಲೆ.

ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗವೂ ಇದೇ ದಿಕ್ಕಿನದು. ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸಿದವರು ಹೆಚ್ಚು ಕಲಿತಿದ್ದರು. ಆದರೆ ಸೊಗಸಾದ ಉಪನ್ಯಾಸ ಕೇಳಿದವರಿಗೇ ‘ನಾವು ಹೆಚ್ಚು ಕಲಿತೆವು’ ಅನ್ನಿಸಿತ್ತು.

ಪೂರ್ವಗ್ರಹವನ್ನೂ ಮರೆಯುವಂತಿಲ್ಲ. ನಾರ್ತ್ ಕ್ಯಾರೊಲಿನಾದ ಒಂದು ಆನ್‌ಲೈನ್ ಕೋರ್ಸ್‌ನಲ್ಲಿ ಬೋಧಕ ಮತ್ತು ಬೋಧಕಿ ಹೆಸರು ಅದಲುಬದಲು ಮಾಡಿಕೊಂಡು ಪಾಠ ಮಾಡಿದರು. ಉತ್ತರಪತ್ರಿಕೆಗಳನ್ನು ಇಬ್ಬರೂ ಒಂದೇ ವೇಗದಲ್ಲಿ ಮರಳಿಸಿದ್ದರು. ಆದರೂ ಸಮಯಪಾಲನೆಗೆ ಗಂಡಿನ ಹೆಸರಿಗೆ ಐದಕ್ಕೆ 4.35, ಹೆಣ್ಣಿನ ಹೆಸರಿಗೆ 3.55 ಬಂತು. ಅದು 43 ವಿದ್ಯಾರ್ಥಿಗಳ ಚಿಕ್ಕ ಪ್ರಯೋಗ, ಆದರೂ ಯೋಚನೆಗೆ ಹಚ್ಚುವಂಥದ್ದು. ಚೀನೀ, ಕೊರಿಯನ್ ಅಡ್ಡಹೆಸರಿನ ಬೋಧಕರಿಗೆ ಈ ತಾಣದಲ್ಲಿ ಸ್ಪಷ್ಟತೆಯ ಅಂಕ ಕಡಿಮೆ ಬೀಳುತ್ತದೆಂದು 2015ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಅವರ ಉಚ್ಚಾರಣೆಯ ಮೇಲೆ ಬೇಸರ ತೋಡಿಕೊಂಡ ಮಾತುಗಳೂ ಅಲ್ಲಿದ್ದವು. ಕನ್ನಡದ ಛಾಯೆಯ ಇಂಗ್ಲಿಷಿನಲ್ಲಿ ಮಾತಾಡುವ ನಮ್ಮ ಮಕ್ಕಳು ಇಂಥ ಮಾತನ್ನು ಓದುವಾಗ ಒಂದು ಗಳಿಗೆ ತಡೆದು ಯೋಚಿಸುವುದು ನ್ಯಾಯ.

ಹಾಗಂತ ರೇಟಿಂಗ್ ಪೂರ್ತಿ ಕಸವಲ್ಲ. ವಾರಕ್ಕೊಂದು ಅಸೈನ್‌ಮೆಂಟ್ ಇದೆ, ಹಾಜರಿ ಕಡ್ಡಾಯ, ಇಮೇಲ್‌ಗೆ ಉತ್ತರ ಬರುವುದಿಲ್ಲ ಎಂಬಂಥ ವಿವರ ಹತ್ತು ಜನ ಬೇರೆ ಬೇರೆ ವರ್ಷ ಬರೆದಿದ್ದರೆ ಅದರಲ್ಲಿ ಹುರುಳಿರುತ್ತದೆ. ‘ಬೋರು’, ‘ಸೂಪರ್’ ಎಂಬ ಒಂದು ಪದದ ತೀರ್ಪಿನಿಂದ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಪ್ರೊಫೆಸರರ ಸಿಲಬಸ್ ಓದುವುದು ಮೇಲು. ಸೀನಿಯರ್‌ಗಳನ್ನು ಕೇಳುವವರು ‘ಗ್ರೇಡ್ ಎಷ್ಟು ಬಂತು?’ ಎನ್ನುವುದರ ಬದಲು ‘ಮುಂದಿನ ಕೋರ್ಸ್‌ಗೆ, ಇಂಟರ್ನ್‌ಶಿಪ್‌ಗೆ ಅವರ ಪಾಠ ಉಪಯೋಗಕ್ಕೆ ಬಂತಾ?’ ಎಂದು ಕೇಳಬೇಕು.

ಬಹುತೇಕ ಅಮೆರಿಕನ್ ಯೂನಿವರ್ಸಿಟಿಗಳಲ್ಲಿ ಸೆಮಿಸ್ಟರ್‌ನ ಆರಂಭದಲ್ಲಿ ಕೋರ್ಸ್ ಬದಲಿಸಲು ‘ಆ್ಯಡ್-ಡ್ರಾಪ್’ ಎಂಬ ಅವಧಿ ಇರುತ್ತದೆ. ಸೀಟು ಖಾಲಿ ಇದ್ದರೆ ಆ ದಿನಗಳಲ್ಲಿ ಒಂದು ಕೋರ್ಸ್ ಬಿಟ್ಟು ಇನ್ನೊಂದಕ್ಕೆ ಸೇರಬಹುದು. ಇಬ್ಬರು ಪ್ರೊಫೆಸರರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಅಷ್ಟರೊಳಗೆ ಅನುಮತಿ ಕೇಳಿ ಇಬ್ಬರ ಮೊದಲ ತರಗತಿಗೂ ಹೋಗಿ ಕೂತು ಬನ್ನಿ.