ಗುಂಟೆಗೆ ಎಂಬತ್ತಾರು ರೂಪಾಯಿ

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಮಾತ್ರವಲ್ಲ, ಶ್ರೀರಂಗಪಟ್ಟಣವೂ ಆ ಪಟ್ಟಿಯಲ್ಲಿತ್ತು. 49 ಟಿಎಂಸಿ ನೀರು ಹಿಡಿಯುವ ಕನ್ನಂಬಾಡಿ ಕಟ್ಟೆ ಇರುವ ತಾಲ್ಲೂಕಿಗೇ ಬರ!

ರಾಜ್ಯ ಸರ್ಕಾರದ ಅಂದಾಜಿನಲ್ಲಿ 48 ಲಕ್ಷ ಹೆಕ್ಟೇರಿನ ಬೆಳೆ ಹಾಳಾಗಿತ್ತು. ನಷ್ಟ 35,162 ಕೋಟಿ ರೂಪಾಯಿ. ಬೆಳೆ, ಮೇವು, ಕುಡಿಯುವ ನೀರು ಎಲ್ಲಕ್ಕೂ ಸೇರಿ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ನೂರು ಕೇಳಿದರೆ ಹತ್ತೊಂಬತ್ತು.

ಕೋಟಿಗಳನ್ನು ಗುಂಟೆಗೆ ಇಳಿಸಿದಾಗಲೇ ಲೆಕ್ಕ ಎದೆಗೆ ತಾಕುವುದು. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಂತೆ ಶೇ 33ಕ್ಕಿಂತ ಕಡಿಮೆ ಬೆಳೆ ಹೋಗಿದ್ದರೆ ಏನೂ ಇಲ್ಲ. ಅದಕ್ಕೂ ಹೆಚ್ಚು ಹೋಗಿದ್ದರೆ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆ ಖುಷ್ಕಿಗೆ 3,440 ರೂಪಾಯಿ ಆಯಿತು. ಗುಂಟೆಗೆ 86. ಗುಂಟೆಯೆಂದರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ. ಮೈಸೂರು ರಸ್ತೆಯ ಪಕ್ಕದ ಬಡಾವಣೆಗಳಲ್ಲಿ ಮಾರುವ ಮೂವತ್ತು-ನಲವತ್ತರ ಸೈಟಿನಷ್ಟು ಹೊಲದಲ್ಲಿ ರಾಗಿ ಒಣಗಿಹೋದರೆ ಈ ದರದ ಲೆಕ್ಕದಲ್ಲಿ ಬರುವುದು 95 ರೂಪಾಯಿ. ಚದರಡಿಗೆ ಎಂಟು ಪೈಸೆ.

ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,846 ರೂಪಾಯಿ ಇತ್ತು. ಅಂದರೆ ನಾಗಮಂಗಲದಲ್ಲಿ ಒಂದು ಎಕರೆ ರಾಗಿ ಪೂರ್ತಿ ಕಳೆದುಕೊಂಡವರಿಗೆ ಸರ್ಕಾರ ಕಟ್ಟಿಕೊಟ್ಟದ್ದು ಒಂದು ಕ್ವಿಂಟಲಿನ ಬೆಲೆಯೂ ಅಲ್ಲ. ಪಾಂಡವಪುರದ ಕಬ್ಬಿನ ಗದ್ದೆಗೆ ಎಕರೆಗೆ 6,880. ನಲವತ್ತು ಟನ್ ಆಸುಪಾಸು ಕಬ್ಬು ಕೊಡುವ ನೆಲಕ್ಕೆ ಎರಡು ಟನ್ನಿನ ಬೆಲೆ! ಸರ್ಕಾರದ್ದೇ ನಷ್ಟದ ಅಂದಾಜನ್ನು ಹೆಕ್ಟೇರಿಗೆ ಹಂಚಿದರೆ ಸುಮಾರು 73,000 ರೂಪಾಯಿ ಬರುತ್ತದೆ. ಖುಷ್ಕಿಯ ಪರಿಹಾರ ಅದರಲ್ಲಿ ರೂಪಾಯಿಗೆ ಹನ್ನೆರಡು ಪೈಸೆಗೂ ಕಡಿಮೆ.

ಆ ಹನ್ನೆರಡು ಪೈಸೆಯಾದರೂ ಸುಲಭವಾಗಿ ಕೈಸೇರುತ್ತದೆಯೇ? ಹಣ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ, ನಡುವೆ ಯಾರ ಕೈಯೂ ಇಲ್ಲ. ಇದು ನಿಜಕ್ಕೂ ದೊಡ್ಡ ಸುಧಾರಣೆ. ಮೊದಲ ಕಂತಾಗಿ ತಲಾ 2,000 ರೂಪಾಯಿವರೆಗಿನ ಹಣ 30 ಲಕ್ಷಕ್ಕೂ ಹೆಚ್ಚು ರೈತರಿಗೆ ಹೀಗೇ ತಲುಪಿತು. ಆದರೆ ಉಳುವವನು ಮೊಮ್ಮಗ, ಪಹಣಿಯಲ್ಲಿರುವುದು ತೀರಿಹೋದ ತಾತನ ಹೆಸರು ಎಂದಾದರೆ ಕಂಪ್ಯೂಟರಿಗೆ ಕಾಣುವುದು ತಾತ ಮಾತ್ರ. ಜಮೀನು ವಾರಸುದಾರರ ಹೆಸರಿಗೆ ಬಾರದ, ಅಂದರೆ ಪೌತಿ ಖಾತೆ ಆಗದ ಮನೆಗೆ ಆ ಹನ್ನೆರಡು ಪೈಸೆಯೂ ಇಲ್ಲ. ಇನ್ನೂ ಮಾಡಿಸದವರು ದಯವಿಟ್ಟು ಮುಂದಿನ ಬಿತ್ತನೆಗೆ ಮೊದಲೇ ಮಾಡಿಸಿಕೊಳ್ಳಿ.

2025ರ ಅತಿವೃಷ್ಟಿಯ ನಂತರ ರಾಜ್ಯ ತನ್ನ ಬೊಕ್ಕಸದಿಂದ ಹೆಕ್ಟೇರಿಗೆ ಇನ್ನೊಂದು 8,500 ಸೇರಿಸುವುದಾಗಿ ಘೋಷಿಸಿತು. ಒಳ್ಳೆಯ ಕೆಲಸವೇ. ಆದರೆ 2022ರಲ್ಲಿ ಗೊತ್ತುಮಾಡಿದ ಮೂಲ ದರ ಕದಲಲಿಲ್ಲ. ಅಷ್ಟರಲ್ಲಿ ರಾಗಿಯ ಬೆಂಬಲ ಬೆಲೆ 3,578ರಿಂದ 4,886ಕ್ಕೆ ಏರಿತ್ತು. ಬೆಳೆಯ ಬೆಲೆಯನ್ನು ವರ್ಷವರ್ಷ ಪರಿಷ್ಕರಿಸುವ ಸರ್ಕಾರ, ಬೆಳೆ ಹೋದಾಗ ಕೊಡುವ ದರವನ್ನೂ ಅದರ ಜೊತೆಗೇ ಏರಿಸಬೇಕು.