1791ರ ಬೆಂಗಳೂರು ಯುದ್ಧ ಮತ್ತು ಮೈಸೂರಿನ ರಾವುತರು

ಶತ್ರುವಿನ ಮೇಲೆ ನುಗ್ಗುವುದೊಂದೇ ಅಶ್ವಬಲದ ಕಾರ್ಯವಾಗಿರಲಿಲ್ಲ. ಬೇಹು, ಬೆನ್ನಟ್ಟುವಿಕೆ, ದವಸ-ಮೇವುಗಳ ತಡೆ ಇವೂ ರಾವುತರ ಹೊಣೆಗಳಾಗಿದ್ದವು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲೀಸನ ಸೈನ್ಯವು ಇಂದಿನ ವೈಟ್‌ಫೀಲ್ಡ್‌ಗೆ ಸಮೀಪದ ಹೊಸಕೋಟೆಯ ಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಮಾರ್ಚ್ 6ರಂದು ಫ್ಲಾಯ್ಡನ ಕುದುರೆಪಡೆಯು ಟಿಪ್ಪುವಿನ ಸೈನ್ಯದ ಮೇಲೆ ನುಗ್ಗಿತಾದರೂ, ಆತನು ಗುಂಡೇಟಿನಿಂದ ಗಾಯಗೊಳ್ಳಲು ಪಡೆ ಹಿಮ್ಮೆಟ್ಟಿತು. ಮಾರ್ಚ್ 21ರ ರಾತ್ರಿ ಕೋಟೆಯನ್ನು ಗೆದ್ದುದು ಫಿರಂಗಿ ಮತ್ತು ಕಾಲಾಳುಗಳ ಬಲ. ಆದರೆ ಮೇ ತಿಂಗಳಲ್ಲಿ ಅದೇ ಸೈನ್ಯವು ಆಹಾರ, ಮೇವುಗಳಿಲ್ಲದೆ ಶ್ರೀರಂಗಪಟ್ಟಣದಿಂದ ಹಿಂದಿರುಗಬೇಕಾಯಿತು. ಮೈಸೂರಿನ ರಾವುತರು ಸರಬರಾಜಿಗೆ ಒಡ್ಡಿದ ಅಡ್ಡಿಯೂ ಇದಕ್ಕೊಂದು ಕಾರಣ. ಸಿಲ್ಲೇದಾರನು ಸ್ವಂತ ಕುದುರೆಯೊಡನೆ ಸೇವೆಗೆ ಬರುತ್ತಿದ್ದನು. ಕುದುರೆ ಸತ್ತರೆ ಅವನ ಜೀವನೋಪಾಯವೇ ನಷ್ಟವಾಗುತ್ತಿತ್ತು. ಆದುದರಿಂದ ಅವನು ನೇರ ಸೆಣಸಾಟದಿಂದ ದೂರವುಳಿದುದನ್ನು ಹೇಡಿತನವೆಂದು ಎಣಿಸುವುದು ಸಮಂಜಸವಲ್ಲ.