ಸಾಕುತ್ತಿರುವವರು ಚಿಕ್ಕಪ್ಪ, ಕೋರ್ಟಿನಲ್ಲಿ ಮಗುವಿನ ಪರ ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಪ್ಪ-ಅಮ್ಮ ಇಲ್ಲದ ಮಗುವನ್ನು ಚಿಕ್ಕಪ್ಪನೋ ಸೋದರಮಾವನೋ ಕರೆತಂದು ಸಾಕುವುದು ಹೊಸದೇನಲ್ಲ. ಊಟ, ಬಟ್ಟೆ, ಶಾಲೆ ಯಾವುದಕ್ಕೂ ಕಡಿಮೆ ಮಾಡುವುದಿಲ್ಲ. ತೊಡಕು ಶುರುವಾಗುವುದು ಪಹಣಿಯ ಹತ್ತಿರ.

ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋದಾಗ ಪರಿಚಯದವರ ಮನೆಯಲ್ಲಿ ಇದೇ ಮಾತು. ಹನ್ನೊಂದು ವರ್ಷದ ಹುಡುಗಿ. ತೀರಿಹೋದ ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಒಂದೆಕರೆ ಅಡಿಕೆ ತೋಟ ಅವಳಿಗಿದೆ. ಪಕ್ಕದ ತೋಟ ಚಿಕ್ಕಪ್ಪನದು, ನಡುವಿನ ಬೇಲಿಯ ತಕರಾರು ಹಳೆಯದು. "ಸಾಕ್ತಾ ಇರೋದು ನಾನೇ ಅಲ್ವಾ ಮಾರಾಯ, ಮಾರಿ ಅವಳ ಹೆಸರಲ್ಲೇ ಬ್ಯಾಂಕಿಗೆ ಹಾಕ್ತೀನಿ" ಅಂದರು. ಕೆಟ್ಟ ಮನುಷ್ಯರೇನಲ್ಲ. ಆದರೂ ಹಾಗೆ ಮಾಡುವಂತಿಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 11ನೇ ಕಲಂ ನೇರವಾಗಿದೆ: ಸಾಕುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಮಗುವಿನ ಆಸ್ತಿಯನ್ನು ಯಾರೂ ಮಾರುವಂತಿಲ್ಲ. ಸಿವಿಲ್ ದಾವೆಯಲ್ಲೂ ಅಷ್ಟೇ. ಮಗುವಿನ ಪರ ನಿಲ್ಲುವವರ ಹಿತ ಮಗುವಿನ ಹಿತಕ್ಕೆ ವಿರುದ್ಧ ಇರಬಾರದು. ಬೇಲಿ ತಕರಾರಿರುವ ಚಿಕ್ಕಪ್ಪ ಅಲ್ಲಿಗೇ ಹೊರಗೆ.

ಹಾಗಾದರೆ ಯಾರು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಕ್ಕಳಿಗೆ ಉಚಿತ ವಕೀಲರು ಸಿಗಬೇಕು, ಮನೆಯ ಆದಾಯ ಎಷ್ಟೇ ಇರಲಿ. ಸರ್ಕಾರದ ಸಾಕುಪಾಲನೆ ವ್ಯವಸ್ಥೆಯಲ್ಲಿರುವ ಮಗುವಾದರೆ 2015ರ ಬಾಲ ನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆ ಆ ಮನೆಯನ್ನು ನೋಡಬೇಕು. ಮಗುವಿಗೆ ಕಾನೂನು ನೆರವು ಕೊಡಿಸುವುದೂ ಸಮಿತಿಯದೇ ಕೆಲಸ. ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ.

ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯಡಿ ಇಂಥ ಆರೈಕೆಯ ಪ್ರಕರಣ ಬಂದರೆ, ಅನಗತ್ಯ ಅನ್ನಿಸದ ಹೊರತು, ಮಗುವಿನ ಹಿತ ನೋಡಲು ಕೋರ್ಟೇ ಒಬ್ಬರನ್ನು ನೇಮಿಸಬೇಕು. ನಮ್ಮಲ್ಲಿ ಯಾರಾದರೂ ಹೋಗಿ ಕೇಳಬೇಕು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಫೀಚರ್ ಇದೆ, ಆದರೆ ಆಫ್ ಆಗಿದೆ! ಹನ್ನೊಂದು ವರ್ಷದ ಹುಡುಗಿ ಅದನ್ನು ಆನ್ ಮಾಡೋದು ಹೇಗೆ? ಸಮಿತಿ ಇರುವುದು ಜಿಲ್ಲಾ ಮಟ್ಟದಲ್ಲಿ. ಹೊಸನಗರದ ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ದಿನ ಹೋಯಿತು, ಮಳೆಗಾಲದಲ್ಲಂತೂ ಕೇಳಬೇಡಿ.

ಆದ್ದರಿಂದ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅದು ತಾಲ್ಲೂಕು ಕೋರ್ಟಿನಲ್ಲೇ ಇರುತ್ತದೆ. 15100ಕ್ಕೆ ಫೋನೂ ಮಾಡಬಹುದು. ಹೋಗುವಾಗ ಮಗುವಿನ ಜನನ ಪತ್ರ, ತಂದೆ-ತಾಯಿಯ ಮರಣ ಪತ್ರ, ಪಹಣಿ ಇಟ್ಟುಕೊಳ್ಳಿ. ಮಗುವನ್ನೂ ಕರೆದುಕೊಂಡು ಹೋಗಿ. ವಕೀಲರು ಅವಳ ಹತ್ತಿರ ಮಾತಾಡುವಾಗ ದೊಡ್ಡವರು ಸ್ವಲ್ಪ ಹೊರಗೆ ಕೂತಿರಿ.